ಯಾರೂ ಒಲೆ ಹಚ್ಚದೆ ಕಾದ ನೀರು

ಬುಡಾಪೆಸ್ಟ್‌ಗೆ ಹೋದ ಸಹೋದ್ಯೋಗಿಯ ಸ್ಟೇಟಸ್ ನೀವೂ ನೋಡಿರ್ತೀರಿ. ಹಳದಿ ಬಣ್ಣದ ಅರಮನೆಯಂಥ ಕಟ್ಟಡ, ನಡುವೆ ಹಬೆಯಾಡುವ ನೀರು, ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡುತ್ತಿರುವ ತಾತಂದಿರು. 1913ರಲ್ಲಿ ತೆರೆದ ಸೇಚೆನಿ ಸ್ನಾನಗೃಹ ಅದು. ಒಂದು ಕಾರು ಬಾಡಿಗೆಗೆ ತಗೊಂಡು, ಹಳೇ ನಗರಗಳನ್ನು ನೋಡ್ತಾ, ಸಂಜೆ ಬಿಸಿನೀರಲ್ಲಿ ಮುಳುಗೋದು ಅಲ್ಲಿನವರ ರಜೆಯ ರೂಢಿ. ನೋಡಿದ ಕೂಡಲೇ ನಮಗೆ ಎರಡು ಪ್ರಶ್ನೆ ಏಳುತ್ತೆ. ಒಂದು, ನನ್ನ ಇಎಂಐ ಮುಗಿಯೋದು ಯಾವಾಗ? ಎರಡು, ನಮ್ಮ ಕಡೆ ಇಂಥದ್ದು ಇಲ್ವಾ?

ಮೊದಲನೆಯದಕ್ಕೆ ಉತ್ತರ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿದೆ. ಎರಡನೆಯದಕ್ಕೆ ಉತ್ತರ, ಇದೆ. ಭದ್ರಾವತಿಯಿಂದ ಹೊರಟು ಭದ್ರಾವತಿಗೇ ವಾಪಸ್ ಬರೋ ನಾಲ್ಕು ದಿನದ ಸುತ್ತು, ಸುಮಾರು 600 ಕಿಲೋಮೀಟರ್. ದಾರಿಯಲ್ಲಿ ಒಂದು ರಾಜವಂಶದ ಮೂರು ರಾಜಧಾನಿ, ಒಂದು ತಣ್ಣೀರಿನ ರಾಜಸ್ನಾನದ ಕೊಳ, ಕೊನೆಗೆ ನೆಲದೊಳಗಿಂದಲೇ ಬೆಚ್ಚಗೆ ಬರುವ ಒಂದು ತೀರ್ಥ. ಈ ಪ್ರವಾಸಕ್ಕೆ ನನ್ನದೊಂದೇ ಷರತ್ತು: ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಬಿಸಿನೀರು ಕಾಯಿಸಿದವರು ಯಾರೋ, ಅವರನ್ನು ಕರ್ಕೊಂಡು ಹೋಗಿ. ಯಾಕೆ ಅಂತ ದಾರಿಯಲ್ಲಿ ಹೇಳ್ತೀನಿ.

ಹೊರಡೋ ಮುಂಚೆ ಕಾರಿನ ನಂಬರ್ ಪ್ಲೇಟ್ ನೋಡಿ

ಸ್ವಂತ ಕಾರಿದ್ದರೆ ಸರಿ. ಸೆಲ್ಫ್ ಡ್ರೈವ್ ಬಾಡಿಗೆ ಕಾರಾದರೆ ಪ್ಲೇಟು ಕಪ್ಪು ಬಣ್ಣದ್ದಿರಬೇಕು, ಅಕ್ಷರ ಹಳದಿ. 'ನಮ್ಮ ಪರಿಚಯದವರದ್ದೇ ಗಾಡಿ, ಕಮ್ಮಿ ರೇಟಿಗೆ ಕೊಡಿಸ್ತೀನಿ' ಅಂತ ಬಿಳಿ ಪ್ಲೇಟಿನ ಕಾರು ತೋರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಅದು ಬಾಡಿಗೆಗೆ ಓಡಿಸುವ ಪರವಾನಗಿ ಇಲ್ಲದ ಗಾಡಿ. ಘಾಟಿಯಲ್ಲಿ ಏನಾದರೂ ಆದರೆ ವಿಮೆಯವರು ಕೈ ಎತ್ತುವ ಸಾಧ್ಯತೆಯೇ ಹೆಚ್ಚು. ಕಾರು ಕೈಗೆ ಬಂದಾಗ ಸುತ್ತಲೂ ಒಂದು ವಿಡಿಯೋ ಮಾಡ್ಕೊಳ್ಳಿ, ಸ್ಟೆಪ್ನಿ ಗಾಳಿ ನೋಡಿ. ಮಲೆನಾಡಿನ ದಾರಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತೆ, ಆದ್ದರಿಂದ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು. ಡ್ರೈವರ್ ಇಬ್ಬರಿರಲಿ. ಸ್ಟಿಯರಿಂಗ್ ಹಿಡಿದವನಿಗೆ ಕಾಣೋದು ಡಾಂಬರು ಮತ್ತು ಎದುರಿನ ಬಸ್ಸು ಮಾತ್ರ. ನಮ್ಮ ಮನೆಗಳಲ್ಲಿ ಲೈಸೆನ್ಸ್ ಇರೋ ಅಕ್ಕ ತಂಗಿಯರು ಎಷ್ಟೋ ಜನ ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬ ಹಿಡಿದು ಕೂತಿರ್ತಾರೆ. ಡಬ್ಬ ತಮ್ಮನ ಕೈಗೆ ಕೊಡಿ, ಕೀ ಅವರ ಕೈಗೆ.

ಬೆಂಕಿಪುರದಿಂದ ಶುರು

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಬ್ಬಿಣದ ಕಾರ್ಖಾನೆ ಬರುವ ಎಷ್ಟೋ ಕಾಲ ಮೊದಲೇ ಇದ್ದ ಹೆಸರು ಇದು. ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. 1923ರಲ್ಲಿ ಉತ್ಪಾದನೆ ಶುರುವಾದಾಗ ಊರು ಹೆಸರಿಗೆ ತಕ್ಕ ಹಾಗಾಯಿತು. ಕಾಡಿನ ಕಟ್ಟಿಗೆ ಸುಟ್ಟ ಇದ್ದಿಲಲ್ಲೇ ಆಗ ಅದಿರು ಕರಗುತ್ತಿತ್ತು. ಹೊರಡುವ ಬೆಳಗ್ಗೆ ಹಳೇಪೇಟೆಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿ ಬನ್ನಿ. 13ನೇ ಶತಮಾನದ ಹೊಯ್ಸಳರ ಕಟ್ಟಡ, ಮೂರು ಗರ್ಭಗುಡಿ. ಬೇಲೂರಿನ ಜನಜಂಗುಳಿ ಇಲ್ಲಿಲ್ಲ, ಕಲ್ಲಿನ ಕೆಲಸವನ್ನು ನಿಧಾನವಾಗಿ ನೋಡಬಹುದು.

ಅಲ್ಲಿಂದ 20 ಕಿಲೋಮೀಟರ್ ಶಿವಮೊಗ್ಗ. 'ಗಂಗಾ ಸ್ನಾನ, ತುಂಗಾ ಪಾನ' ಅನ್ನೋ ಮಾತು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು. ಆ ತುಂಗೆಯ ದಡದಲ್ಲೇ ಶಿವಪ್ಪ ನಾಯಕನ ಹೆಸರಿನ ಅರಮನೆ ಇದೆ. ಮರದ ಕಂಬಗಳ ಸಣ್ಣ ಕಟ್ಟಡ, ಈಗ ವಸ್ತುಸಂಗ್ರಹಾಲಯ. ಒಳಗೆ ಅರ್ಧ ಗಂಟೆ ಸಾಕು. ಆದರೆ ಶಿವಪ್ಪ ನಾಯಕನ ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಎರಡು ದಿನ ಅವನ ವಂಶದ ಊರುಗಳಲ್ಲೇ ನಮ್ಮ ಓಡಾಟ.

ಊರು ಬದಲಿಸಿದ ದೊರೆಗಳು

ಶಿವಮೊಗ್ಗದಿಂದ ಸಾಗರಕ್ಕೆ 72 ಕಿಲೋಮೀಟರ್ ಆಸುಪಾಸು. ಸಾಗರದ ಒಂದು ಬದಿಗೆ ಕೆಳದಿ, ಇನ್ನೊಂದು ಬದಿಗೆ ಇಕ್ಕೇರಿ, ಎರಡೂ ಹತ್ತು ಕಿಲೋಮೀಟರ್ ಒಳಗೇ. ಕೆಳದಿ ಅರಸರು ಮೊದಲು ಕೆಳದಿಯಿಂದ ಆಳಿದರು, ಆಮೇಲೆ ಇಕ್ಕೇರಿಗೆ ಬಂದರು, 17ನೇ ಶತಮಾನದಲ್ಲಿ ಇನ್ನೂ ದಟ್ಟ ಕಾಡಿನ ಬಿದನೂರಿಗೆ ಹೋದರು. ಮೂರು ರಾಜಧಾನಿ, ಮೂರೂ ಈಗ ಹಳ್ಳಿ.

ಕೆಳದಿಯ ವೀರಭದ್ರ ದೇವಸ್ಥಾನದೊಳಗೆ ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಗಂಡಭೇರುಂಡ ಇದೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಇದೇ ವಂಶದ ರಾಣಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ದೊಡ್ಡದು. ಅಲ್ಲಿ ಮಾತ್ರ ತಲೆ ಬಗ್ಗಿಸಿ ನೋಡಬೇಕು. ಗರ್ಭಗುಡಿಯ ಮುಂದಿನ ನೆಲದಲ್ಲಿ ಮೂವರು ನಾಯಕರ ಆಕೃತಿ ಕೆತ್ತಿದ್ದಾರೆ, ಸಾಷ್ಟಾಂಗ ಬಿದ್ದ ಭಂಗಿಯಲ್ಲಿ. ಬದುಕಿದ್ದಾಗ ಪಲ್ಲಕ್ಕಿಯಲ್ಲಿ ಓಡಾಡಿದವರು ನೆಲದ ಮೇಲೆ ಮಲಗಿದ್ದಾರೆ.

ನಮಗಿಂತ ನಾನೂರು ವರ್ಷ ಮೊದಲೇ ಇಲ್ಲಿಗೆ 'ಟ್ರಿಪ್' ಬಂದವನೊಬ್ಬ ಇದ್ದ. ಪಿಯೆತ್ರೊ ದೆಲ್ಲಾ ವಾಲೆ ಅಂತ, ರೋಮ್ ನಗರದವನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಕಂಡದ್ದನ್ನೆಲ್ಲ ಗೆಳೆಯನಿಗೆ ಉದ್ದುದ್ದ ಪತ್ರಗಳಲ್ಲಿ ಬರೆದ. ಇಕ್ಕೇರಿ ನಗರವಾಗಿದ್ದಾಗ ಹೇಗಿತ್ತು ಅಂತ ಇವತ್ತು ನಮಗೆ ಗೊತ್ತಾಗೋದು ಒಂದಿಷ್ಟು ಆ ಪತ್ರಗಳಿಂದಲೇ. ನೀವೂ ರಾತ್ರಿ ಸಾಗರದಲ್ಲಿ ಉಳಿದಾಗ ಫೋಟೋಗಳ ಜೊತೆ ಎರಡು ಸಾಲು ಬರೆದಿಡಿ.

ಗೀಸರಿನ ಸ್ವಿಚ್ಚಿನ ಆಚೆ

ಎರಡನೇ ದಿನ ಸಾಗರದಿಂದ ಹೊಸನಗರ ದಾಟಿ ನಗರಕ್ಕೆ. ದಾರಿ ಸಣ್ಣದು, ತಿರುವು ಜಾಸ್ತಿ. ಈ ಸೀಮೆಯ ಶರಾವತಿ ಕಣಿವೆಯ ಕಥೆಯನ್ನು ಕಾರಿನಲ್ಲಿ ಕೂತ ಹಿರಿಯರಿಂದಲೇ ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಮನೆ ಎಲ್ಲ ಮುಳುಗಿ ಎಷ್ಟೋ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ಹೋಗಿ ನೆಲೆ ಹುಡುಕಿಕೊಂಡವು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾವು ಗೀಸರ್ ಸ್ವಿಚ್ ಒತ್ತಿದಾಗ ಬರುವ ಕರೆಂಟಿನಲ್ಲಿ ಇದರದ್ದೂ ಪಾಲಿದೆ. ಅಂದರೆ ನಮ್ಮ ಹತ್ತು ನಿಮಿಷದ ಬಿಸಿನೀರಿನ ಹಿಂದೆ ಯಾರದ್ದೋ ಮುಳುಗಿದ ಅಂಗಳ ಇದೆ.

ಗೀಸರಿಗಿಂತ ಮುಂಚೆ ಆ ಲೆಕ್ಕ ಮನೆಯೊಳಗೇ ಇತ್ತು. ಮಲೆನಾಡಿನ ಬಚ್ಚಲುಮನೆ ನೋಡಿದವರಿಗೆ ಗೊತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಅಡಿಕೆ ಹಾಳೆ, ಅಡಿಕೆ ಸಿಪ್ಪೆ, ತೆಂಗಿನ ಗರಿ. ದೀಪಾವಳಿಯ ನೀರು ತುಂಬುವ ಹಬ್ಬದಂದು ಅದೇ ಹಂಡೆಯನ್ನು ಬೆಳಗಿ, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಪೂಜೆ ಮಾಡ್ತೇವೆ. ಹಂಡೆಗೆ ವರ್ಷಕ್ಕೊಂದು ದಿನ ಪೂಜೆ ಇದೆ. ವರ್ಷವಿಡೀ ಬೆಳಗಿನ ಐದಕ್ಕೆ ಎದ್ದು, ಹೊಗೆಗೆ ಕಣ್ಣು ಕಿರಿದು ಮಾಡಿ ಆ ಒಲೆ ಊದಿದವರಿಗೆ? ಎಲ್ಲರ ಸ್ನಾನ ಆದಮೇಲೆ ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರು.

ತಣ್ಣೀರಿನ ರಾಜವೈಭವ

ನಗರ ಅಂದರೆ ಹಳೇ ಬಿದನೂರು. ಕೆಳದಿ ಅರಸರ ಕೊನೇ ರಾಜಧಾನಿ. ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ್ದು ಇಲ್ಲಿಂದಲೇ. ಭೂಮಿಯ ಗುಣ, ಬೆಳೆ ಅಳೆದು ಕಂದಾಯ ಗೊತ್ತುಮಾಡಿದ ಅವನ 'ಶಿಸ್ತು' ಇವತ್ತಿಗೂ ಮಾತಿನಲ್ಲಿದೆ. 1763ರಲ್ಲಿ ಹೈದರ್ ಅಲಿ ಊರನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಕಾಲ ಕಳೆದಂತೆ ಹೈದರ್ ಉದುರಿ ನಗರ ಉಳಿಯಿತು. ಆಮೇಲೆ ನಗರವೂ ಉದುರಿ ಹೆಸರು ಮಾತ್ರ ಉಳಿಯಿತು ಅಂತ ಕೋಟೆ ಹತ್ತಿದಾಗ ಅನ್ನಿಸುತ್ತೆ. ದಪ್ಪ ಗೋಡೆ, ಪಾಚಿ, ಒಳಗೆ ಅರಮನೆಯ ಅಡಿಪಾಯ.

ಕೋಟೆಯಿಂದ ಸ್ವಲ್ಪ ದೂರದಲ್ಲಿ ದೇವಗಂಗೆ. ರಾಜಮನೆತನದವರ ಸ್ನಾನಕ್ಕೆ ಕಟ್ಟಿಸಿದ್ದು ಅಂತ ಹೇಳುವ ಕಲ್ಲಿನ ಕೊಳಗಳು, ಒಂದೊಂದೂ ಒಂದೊಂದು ಆಕಾರ. ಗುಡ್ಡದಿಂದ ಬರುವ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತೆ. ಪಂಪಿಲ್ಲ, ಮೋಟಾರಿಲ್ಲ, ಇಳಿಜಾರಷ್ಟೇ. ಅಡಿಕೆ ತೋಟದ ಮಗ್ಗುಲಲ್ಲಿ ಇಷ್ಟು ಜಾಣತನದ ಕಟ್ಟಡ ಸುಮ್ಮನೆ ಮಲಗಿದೆ. ಇಲ್ಲಿ ನೋಡಿ, ಕೂತ್ಕೊಳ್ಳಿ, ಬುತ್ತಿ ಬಿಚ್ಚುವುದಾದರೆ ದೂರ ಹೋಗಿ ಬಿಚ್ಚಿ. ಶಾಂಪೂ ಸ್ಯಾಚೆ ಇರೋ ಬ್ಯಾಗು ಕಾರಲ್ಲೇ ಇರಲಿ. ಹರಿಯುವ ನೀರಿಗೆ ಬಿಟ್ಟ ನೊರೆ ಕೆಳಗಿನ ಕೊಳಕ್ಕೆ ಹೋಗುತ್ತೆ, ಅಲ್ಲಿಂದ ಯಾರದ್ದೋ ತೋಟಕ್ಕೆ. ರಾತ್ರಿ ತೀರ್ಥಹಳ್ಳಿಗೆ ಹೋಗಿ ಉಳಿಯಿರಿ.

ಘಟ್ಟ ಇಳಿದರೆ ಬೆಂದ್ರ್ ತೀರ್ಥ

ಮೂರನೇ ದಿನ ಆಗುಂಬೆ. ಬಿಗಿಯಾದ ತಿರುವುಗಳ ಕಿರಿದಾದ ಘಾಟಿ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಹಿಡಿತ ತಪ್ಪುತ್ತೆ. ಹತ್ತುತ್ತಿರುವ ಗಾಡಿಗೆ ದಾರಿ ಬಿಡಬೇಕು, ಇದು ನಿಯಮವೂ ಹೌದು. ಘಾಟಿ ಇಳಿದು ಹೆಬ್ರಿ, ಕಾರ್ಕಳ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಒಂದು ಗಂಟೆ ಇಡಿ. ಕತ್ತಲಾಗುವ ಮುಂಚೆ ಪುತ್ತೂರು ಸೇರಿ, ಬೇಗ ಮಲಗಿ.

ನಾಲ್ಕನೇ ದಿನ ಬೆಳಗ್ಗೆ ಹೊರಡಬೇಕಾದ್ದು ಇರ್ದೆ ಗ್ರಾಮದ ಬೆಂದ್ರ್ ತೀರ್ಥಕ್ಕೆ, ಪುತ್ತೂರಿನಿಂದ 15 ಕಿಲೋಮೀಟರ್ ಆಸುಪಾಸು. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಕರ್ನಾಟಕದಲ್ಲಿ ಹೆಸರಾದ ಬಿಸಿನೀರ ಬುಗ್ಗೆ ಇದು. ಬುಡಾಪೆಸ್ಟ್ ಥರದ ಗುಮ್ಮಟ, ಲಾಕರ್, ಟವೆಲ್ ಯಾವುದನ್ನೂ ನಿರೀಕ್ಷೆ ಮಾಡಬೇಡಿ. ತೋಟ, ಹೊಳೆ, ಕಲ್ಲು ಕಟ್ಟಿದ ಒಂದು ಕೊಳ, ಅಷ್ಟೇ. ಕೈ ಅದ್ದಿದರೆ ಸುಡುವುದಿಲ್ಲ, ಮೈಬಿಸಿಯ ಹತ್ತಿರದ ಬೆಚ್ಚಗೆ.

ಹತ್ತಿರದಲ್ಲಿ ಜ್ವಾಲಾಮುಖಿ ಇಲ್ಲ, ಮತ್ತೆ ಬಿಸಿ ಎಲ್ಲಿಂದ? ಮಳೆ ನೀರು ಬಂಡೆಯ ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿಯುತ್ತೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆಲ್ಲ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಶಾಖ ಏರುತ್ತೆ. ಅಲ್ಲಿ ಕಾದ ನೀರು ಇನ್ನೊಂದು ಬಿರುಕು ಸಿಕ್ಕಾಗ, ಆರುವ ಮೊದಲೇ ಬೇಗ ಮೇಲೆ ಬಂದರೆ ಬಿಸಿನೀರ ಬುಗ್ಗೆ. ಮಳೆಗಾಲದ ನೀರು, ನೆಲದ ಒಲೆ.

ನಾನು ಅಮ್ಮನನ್ನು ಕರ್ಕೊಂಡು ಹೋದಾಗ ಅವಳು ಮೆಟ್ಟಿಲ ಮೇಲೆ ಕೂತು ಸೀರೆ ಸ್ವಲ್ಪ ಎತ್ತಿ ಪಾದ ಇಳಿಬಿಟ್ಟಳು. ಎರಡು ನಿಮಿಷ ಮಾತಿಲ್ಲ. ಆಮೇಲೆ, "ಇದನ್ನ ಯಾರೇ ಕಾಯಿಸಿದ್ದು? ನಾ ಬರೋ ಮುಂಚೇನೇ ಕಾದಿದೆಯಲ್ಲೇ" ಅಂದಳು. ತಮಾಷೆಗೇ ಅಂದದ್ದು. ಆದರೆ ಅರವತ್ತೆರಡು ವರ್ಷದ ಹೆಂಗಸು, ತಾನು ಬೆಂಕಿ ಹಾಕದೆ, ಸ್ವಿಚ್ ಒತ್ತದೆ, 'ನೀರು ಕಾದಿದೆ, ಹೋಗ್ರೋ' ಅಂತ ಯಾರನ್ನೂ ಕರೆಯದೆ ಬಿಸಿನೀರಿಗೆ ಕಾಲಿಟ್ಟದ್ದು ಅದೇ ಮೊದಲು. "ಮಂಡಿನೋವು ಹೋಗುತ್ತಾ?" ಅಂತಲೂ ಕೇಳಿದಳು. ಹೋಗಲ್ಲಮ್ಮ, ಕೂತಷ್ಟು ಹೊತ್ತು ಹಾಯಾಗಿರುತ್ತೆ ಅಂದೆ. "ಅಷ್ಟು ಸಾಕು ಬಿಡು" ಅಂದಳು. ಅವಳು ಎದ್ದದ್ದು ಮುಕ್ಕಾಲು ಗಂಟೆ ಆದಮೇಲೆ.

ಇಳಿಯುವ ಮುಂಚೆ ನಾಲ್ಕು ಮಾತು

ಮೂಗು ನೀರೊಳಗೆ ಹೋಗದಿರಲಿ. ಬೆಚ್ಚಗಿನ, ಹೆಚ್ಚು ಹರಿಯದ ಸಿಹಿನೀರಿನಲ್ಲಿ ಮೂಗಿನ ಮೂಲಕ ಮಿದುಳಿಗೆ ಹೋಗುವ ಒಂದು ಅಮೀಬಾ ಇರಬಹುದು. ರೋಗ ಅಪರೂಪ, ಬಂದರೆ ಉಳಿಯುವುದು ಕಷ್ಟ. ಇಂಗ್ಲೆಂಡಿನ ಬಾತ್ ನಗರದ ಪ್ರಸಿದ್ಧ ರೋಮನ್ ಸ್ನಾನಗೃಹದ ನೀರಿನಿಂದ 1978ರಲ್ಲಿ ಒಬ್ಬ ಹುಡುಗಿ ಹೀಗೇ ತೀರಿಕೊಂಡಳು, ಆಮೇಲೆ ಅಲ್ಲಿ ಈಜು ನಿಂತಿತು. ಈಚೆಗೆ ಪಕ್ಕದ ಕೇರಳದಲ್ಲೂ ಪ್ರಕರಣಗಳು ಬಂದಿವೆ. ಹೆದರಿ ವಾಪಸ್ ಬರಬೇಕಾಗಿಲ್ಲ. ಮುಳುಗು ಹಾಕಬೇಡಿ, ಜಿಗಿಯಬೇಡಿ, ಮಕ್ಕಳ ಮುಖಕ್ಕೆ ನೀರೆರಚಬೇಡಿ. ಕಾಲು ಇಳಿಬಿಟ್ಟು ಕೂತರೂ ಸುಖ ಸುಖವೇ.

ಹೃದಯದ ತೊಂದರೆ, ಬಿಪಿ ಇರುವವರು, ಗರ್ಭಿಣಿಯರು ಮನೆಯಲ್ಲೇ ಡಾಕ್ಟರನ್ನು ಕೇಳಿ ಹೊರಡಲಿ. ಬಿಸಿನೀರಿನಿಂದ ತಟ್ಟನೆ ಎದ್ದರೆ ತಲೆ ಸುತ್ತಬಹುದು, ನಿಧಾನ.

ಬಟ್ಟೆ ಬದಲಿಸೋ ಜಾಗ ಇರುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಒಂದು ದೊಡ್ಡ ಪಂಚೆ, ಒಣಬಟ್ಟೆ ಜೊತೆಗಿರಲಿ. ಇದು ಜನ ಭಕ್ತಿಯಿಂದ ಬರುವ ತೀರ್ಥ, ಈಜುಕೊಳದ ಉಡುಪು ಬೇಡ. ಸೋಪು, ಎಣ್ಣೆ, ಶಾಂಪೂ ಅಂತೂ ಬೇಡವೇ ಬೇಡ.

ಕೊನೆಯದು, ಕಾಲ ನೋಡಿ ಹೋಗಿ. ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಸರಿಯಾದ ಸಮಯ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಎರಡೂ ಕಡೆ ಗುಡ್ಡ ಜರಿಯುವ ಭಯ. ಬೇಸಿಗೆಯಲ್ಲಿ ತೀರ್ಥದ ನೀರು ತಗ್ಗುತ್ತೆ.

ಈ ಒಲೆ ಆರಬಾರದು

ನೀರು ತಗ್ಗುವ ಮಾತನ್ನು ಸುಮ್ಮನೆ ದಾಟಿ ಹೋಗೋಕಾಗಲ್ಲ. ನೆಲದಾಳದ ನೀರು ಮೇಲೆ ಬರೋದು ಒಳಗಿನ ಒತ್ತಡದಿಂದ. ಯಾವುದೇ ಬಿಸಿನೀರ ಬುಗ್ಗೆಯ ಸುತ್ತ ಬೋರ್‌ವೆಲ್ ಹೆಚ್ಚಾದರೆ, ಆಳದ ಬಿರುಕಿಗೆ ಇನ್ನೊಂದು ಬಾಯಿ ತೆರೆದ ಹಾಗೆ. ಒತ್ತಡ ಇಳಿಯುತ್ತೆ, ಬುಗ್ಗೆ ಸಣ್ಣಗಾಗುತ್ತೆ, ಮೇಲಿನ ತಣ್ಣೀರು ಬೆರೆತು ಬಿಸಿಯೂ ಕಮ್ಮಿಯಾಗುತ್ತೆ. ತೋಟ ಒಣಗುವಾಗ ಕೊಳವೆ ಕೊರೆಸುವ ರೈತನನ್ನು ಬೈಯುವ ಹಕ್ಕು ನಮಗಿಲ್ಲ, ನಮ್ಮ ಅಪಾರ್ಟ್‌ಮೆಂಟಿನ ಬೋರ್ ಎಷ್ಟು ಅಡಿ ಇದೆ ಅಂತ ನಮಗೇ ಗೊತ್ತಿರಲ್ಲ. ಮಳೆ ನೀರು ಇಂಗಿಸುವ ಕೆಲಸ ಮಾತ್ರ ಅಲ್ಲೂ ಆಗಬೇಕು, ಇಲ್ಲೂ ಆಗಬೇಕು. ಐಸ್‌ಲ್ಯಾಂಡಿನ ಹೆಸರಾಂತ ಬ್ಲೂ ಲಗೂನ್ ಪಕ್ಕದ ಭೂಶಾಖ ವಿದ್ಯುತ್ ಸ್ಥಾವರ ಹೊರಬಿಟ್ಟ ನೀರಿನಿಂದ ಆದದ್ದು. ಅಂಥದ್ದನ್ನು ದುಡ್ಡು ಹಾಕಿ ಕಟ್ಟಬಹುದು. ಬೆಂದ್ರ್ ತೀರ್ಥವನ್ನು ಯಾರೂ ಕಟ್ಟಿಲ್ಲ, ಕಳೆದುಕೊಂಡರೆ ಕಟ್ಟೋಕೂ ಬರಲ್ಲ.

ಹತ್ತು ಗಂಟೆಗೆ ಅಲ್ಲಿಂದ ಹೊರಟರೆ ಉಜಿರೆ, ಚಾರ್ಮಾಡಿ, ಮೂಡಿಗೆರೆ, ಚಿಕ್ಕಮಗಳೂರು ಮೇಲೆ ತರೀಕೆರೆ. ಬೆಳಕಿದ್ದರೆ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಸ್ಥಾನ ನೋಡಿ, ಕತ್ತಲಾಗುವಷ್ಟರಲ್ಲಿ ಭದ್ರಾವತಿ.

ಮನೆಗೆ ಬಂದ ಮಾರನೇ ದಿನ ಎಲ್ಲರಿಗೂ ಮೈ ಭಾರ ಇರುತ್ತೆ. ಅವತ್ತು ಅಲಾರಂ ಇಟ್ಟು ಎಲ್ಲರಿಗಿಂತ ಮೊದಲು ಏಳಿ. ಹಂಡೆಯೋ, ಗೀಸರೋ, ನೀರು ಕಾಯಿಸಿ, 'ನೀರು ಕಾದಿದೆ, ನೀ ಮೊದಲು ಹೋಗು' ಅಂತ ಅಮ್ಮನಿಗೆ ಹೇಳಿ. ಅಪ್ಪ ಕಾಯಿಸುವ ಮನೆಯಾದರೆ ಅಪ್ಪನಿಗೆ. ಅದಕ್ಕೆ ರಜೆ ಹಾಕಬೇಕಾಗಿಲ್ಲ, ಕಾರೂ ಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಆ ಕೆಲಸ ಯಾರದ್ದು ಅಂತ ಈ ವಾರ ನಮಗೂ ಬರೆದು ಕಳಿಸಿ.